ಚಿಕ್ಕೋಡಿ ಚಾರಣ ಮೀಮಾಂಸೆ: ಲಡಾಖಿನ ಬೌದ್ಧ ಕಣಿವೆಗಳಲ್ಲಿ ನೀರಿನ ಪಾಳಿಯ ಸ್ಥಾನಮಾನ

ಈ ಪ್ರಬಂಧವನ್ನು ನ್ಯಾಯಶಾಸ್ತ್ರದ ಐದು ಅವಯವಗಳಲ್ಲಿ ಮಂಡಿಸಲಾಗಿದೆ. ವಿಷಯ ಬೌದ್ಧರ ನಾಡಿನದಾದ್ದರಿಂದ ಮೂರೇ ಅವಯವ ಸಾಕೆಂದ ದಿಙ್ನಾಗನ ದಾರಿ ಹಿಡಿಯಬಹುದಿತ್ತು. ಆದರೆ ಆ ಮಹಾನುಭಾವನಿಗೆ ಪುಟ ತುಂಬಿಸುವ ಹೊಣೆ ಇರಲಿಲ್ಲ.

ಪ್ರತಿಜ್ಞೆ

ಜನ ಲಡಾಖಿಗೆ ಶಾಂತಿ ಅರಸಿ ಹೋಗುತ್ತಾರೆಂದು ಪೂರ್ವಸೂರಿಗಳ ಮತ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ತಾಲ್ಲೂಕು ಪಂಚಕದ ಚಾರಣಿಗನಿಗೆ ಇದು ಅನ್ವಯಿಸದು. ಆತ ಎಷ್ಟು ಎತ್ತರ ಏರಿದರೂ ಕಡೆಗೆ ಕೇಳುವುದು ಒಂದೇ: “ಇಲ್ಲೆ ನೀರಿನ ಪಾಳಿ ಯಾರ್ದರೀ?”

ಹೇತು

ಕೃಷ್ಣೆ, ದೂಧಗಂಗೆ, ವೇದಗಂಗೆಯರ ಸೀಮೆ ಅದು. ಮಳೆಗಾಲದಲ್ಲಿ ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ. ಬೇಸಿಗೆಯಲ್ಲಿ ಅದೇ ಕೃಷ್ಣೆ ಬತ್ತಿ, ಕೊಯ್ನೆಯ ಅಣೆಕಟ್ಟಿನಿಂದ ನೀರು ಬಿಡಿರೆಂದು ಮಹಾರಾಷ್ಟ್ರಕ್ಕೆ ಕಾಗದ ಹೋಗುತ್ತದೆ. ನೀರು ಹೆಚ್ಚಾದರೂ ಕಡಿಮೆಯಾದರೂ ಮೇಲಿನವರ ಕಡೆ ಕತ್ತೆತ್ತಿ ನೋಡುವುದು ಇಲ್ಲಿನ ರೂಢಿ. ಹಿಮಾಲಯ ದರ್ಶನಕ್ಕೆ ಬೇಕಾದ ಕತ್ತಿನ ವ್ಯಾಯಾಮ ಹೀಗೆ ಬಾಲ್ಯದಲ್ಲೇ ಮುಗಿದಿರುತ್ತದೆ.

ಉದಾಹರಣೆ

ಶಾಸ್ತ್ರಕಾರರು ದೇವದತ್ತ, ಯಜ್ಞದತ್ತರನ್ನು ಕಲ್ಪಿಸಿಕೊಳ್ಳುವಂತೆ ನಾವು ಮಾರ್ಖಾ ಕಣಿವೆಯಲ್ಲಿ ಒಬ್ಬ ಮಾವನನ್ನೂ ಒಬ್ಬ ಅಳಿಯನನ್ನೂ ಕಲ್ಪಿಸಿಕೊಳ್ಳೋಣ. ಮಾವ ಕಬ್ಬಿನವನು, ಅಳಿಯ ಪುಣೆಯ ಕಂಪ್ಯೂಟರಿನವನು.

ಅಳಿಯನ ಕಾಲಲ್ಲಿ ದುಬಾರಿ ಬೂಟು. ಮಾವ ಅಥಣಿ ಚಪ್ಪಲಿಯಲ್ಲೇ ಬರುತ್ತೇನೆಂದು ಹಟ ಹಿಡಿದು ಸೋತವನು. ಆ ಬಗೆಯ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತದ್ದು ಕೊಲ್ಹಾಪುರಿ ಎಂಬ ಹೆಸರಿನಲ್ಲಿ, ಮಹಾರಾಷ್ಟ್ರದ 4 ಮತ್ತು ಕರ್ನಾಟಕದ 4 ಜಿಲ್ಲೆಗಳಿಗೆ ಸಮಪಾಲಾಗಿ. ನೀರಿಗಿಂತ ಚರ್ಮ ಹಂಚುವುದು ಸುಲಭವೆಂದು ಇದರಿಂದ ಸಿದ್ಧ.

ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಬಂದರೆ ಅದನ್ನು ಬಲಕ್ಕಿಟ್ಟುಕೊಂಡು ನಡೆಯಬೇಕು. ಅಳಿಯ ಇದನ್ನು ಮೊಬೈಲಿನಲ್ಲಿ ಓದಿ ತಿಳಿಯುವಷ್ಟರಲ್ಲಿ ಮಾವ ಸುತ್ತು ಹಾಕಿ ಬಂದಿರುತ್ತಾನೆ. ಯಡೂರ ವೀರಭದ್ರನ ಗುಡಿಯಲ್ಲಿ ಅವನ ಪ್ರದಕ್ಷಿಣೆಯ ಅಭ್ಯಾಸ ಪಕ್ಕಾ ಆಗಿದೆ. 5,200 ಮೀಟರಿಗೂ ಎತ್ತರದ ಕೊಂಗ್ಮಾರು ಲಾ ಘಟ್ಟದ ಮೇಲೆ ಲಡಾಖಿಗಳು “ಕಿ ಕಿ ಸೋ ಸೋ ಲ್ಹಾ ಗ್ಯಾಲೋ” ಎಂದು ದೇವತೆಗಳಿಗೆ ಜಯ ಕೂಗಿದರೆ ಮಾವ ಚಿಂಚಲಿ ಮಾಯಕ್ಕನಿಗೆ “ಚಾಂಗಭಲೋ” ಎನ್ನುತ್ತಾನೆ. ಸಮುದ್ರಮಟ್ಟದ ಅರ್ಧದಷ್ಟೇ ಆಮ್ಲಜನಕವಿರುವಲ್ಲಿ ಎರಡೂ ಘೋಷಣೆ ಒಂದೇ ದಮ್ಮಿಗೆ ಮುಗಿಯುತ್ತವೆ.

ಊಟದಲ್ಲೂ ಭೇದವಿಲ್ಲ. ಅವರದು ಹುರಿದ ಬಾರ್ಲಿಯ ಹಿಟ್ಟು ತ್ಸಂಪಾ, ಇವರದು ಖಡಕ್ ರೊಟ್ಟಿ, ಶೇಂಗಾ ಚಟ್ನಿ; ಎರಡೂ ವಾರಗಟ್ಟಲೆ ಕೆಡವು. ಸಿದ್ಧಾಂತಕ್ಕೆ ಧಕ್ಕೆ ಬರುವುದು ಬೆಣ್ಣೆ ಚಹಾದಲ್ಲಿ ಮಾತ್ರ. “ಏನ್ ಮಂದ್ಯೋ, ಚಾದಾಗ ಉಪ್ಪ ಹಾಕ್ಯಾರ!” ಎಂದು ಮಾವ ಗಾಬರಿಯಾಗುತ್ತಾನೆ. ಸಕ್ಕರೆ ಕಾರ್ಖಾನೆಗಳ ಸೀಮೆಯಿಂದ ಬಂದವನಿಗೆ ಇದು ರುಚಿಯ ಪ್ರಶ್ನೆಯಲ್ಲ, ಬೆಲೆಯ ಪ್ರಶ್ನೆ.

ಇನ್ನು ಮುಖ್ಯ ಪ್ರಮಾಣ. “ಮಾವಾ, ಮ್ಯಾಲ ನೋಡ್ರೀ, ಏನ್ ಗೊಂಪಾ!” ಎನ್ನುತ್ತಾನೆ ಅಳಿಯ. “ಅದಿರ್ಲಿ ತಗೀಪಾ, ಕೆಳಗ ಆ ಹೊಲಕ್ಕ ನೀರ ಎಲ್ಲಿಂದ ಬಂತು, ಅದನ್ನ ನೋಡು.” ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಹಿಮ ಕರಗಿ ಬಂದ ತೊರೆಯನ್ನೇ ಕಾಲುವೆಯಲ್ಲಿ ತಿರುಗಿಸಿ ಬಾರ್ಲಿ ಬೆಳೆಯುತ್ತಾರೆ. ಯಾರ ಹೊಲಕ್ಕೆ ಯಾವಾಗ ನೀರೆಂದು ನಿರ್ಧರಿಸಲು ಊರವರೇ ನೇಮಿಸಿದ ಚುರ್ಪೋನ್ ಎಂಬ ನೀರಗಂಟಿ ಇರುತ್ತಾನೆ. ಇದನ್ನು ಕೇಳಿದ ಮಾವ ಗೊಂಪಾದ ಬುದ್ಧನಿಗೆ ಒಂದು, ಚುರ್ಪೋನನಿಗೆ ಎರಡು ನಮಸ್ಕಾರ ಹಾಕುತ್ತಾನೆ.

ಉಪನಯ

ಪೂರ್ವಪಕ್ಷಿ ಹೇಳಬಹುದು: ನೀರನ್ನು ಹಂಚುವುದೇಕೆ, ಕೂಡಿಡಬಹುದಲ್ಲ? ಲಡಾಖಿನವರೇ ಆದ ಸೋನಮ್ ವಾಂಗ್ಚುಕ್ 2014ರಲ್ಲಿ ಕಟ್ಟಿ ತೋರಿಸಿದ ಹಿಮಸ್ತೂಪವಿದೆ. ಚಳಿಗಾಲದ ನೀರನ್ನು ಸ್ತೂಪದ ಆಕಾರದಲ್ಲಿ ಹೆಪ್ಪುಗಟ್ಟಿಸಿದರೆ ಬಿತ್ತನೆಯ ಕಾಲಕ್ಕೆ ಅದು ಮೆಲ್ಲಗೆ ಕರಗುತ್ತದೆ. ಯಡೂರಲ್ಲೂ ಒಂದು ಏಕಿರಬಾರದು? ಉತ್ತರ: ಇಲ್ಲಿನ ಏಪ್ರಿಲ್ ಬಿಸಿಲಿಗೆ ಉದ್ಘಾಟನೆಯ ಭಾಷಣ ಮುಗಿಯುವ ಮೊದಲೇ ಸ್ತೂಪ ನಿರ್ವಾಣ ಹೊಂದುತ್ತದೆ.

ಆದ್ದರಿಂದ ಉಳಿಯುವುದು ಹಂಚಿಕೆಯೇ. ಲಡಾಖಿನ ಹಳ್ಳಿಗೆ ಒಬ್ಬ ಚುರ್ಪೋನ್, ಒಂದು ಸಲಿಕೆ ಸಾಕು. ಕೃಷ್ಣೆಗೆ 1969ರಲ್ಲಿ ಒಂದು, 2004ರಲ್ಲಿ ಇನ್ನೊಂದು ನ್ಯಾಯಮಂಡಳಿ ಬೇಕಾದವು. ಎರಡಕ್ಕೂ ಸಲಿಕೆ ಕೊಡಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ನಿಗಮನ

ಹೀಗಾಗಿ ಕೊಯ್ನೆಯ ಗೇಟಿನ ಬಳಿ ಒಬ್ಬ ಚುರ್ಪೋನನನ್ನು ಕೂರಿಸತಕ್ಕದ್ದು. ಸಂಬಳ ಎರಡೂ ರಾಜ್ಯಗಳದು. ಕಬ್ಬಿನ ಬಿಲ್ಲಿನ ಹಾಗೆ ಅದು ಬಾಕಿ ಉಳಿಯದಂತೆ ಮೊದಲ ಕಂತನ್ನು ಯಾವ ರಾಜ್ಯ ಕೊಡಬೇಕೆಂದು ತೀರ್ಮಾನಿಸಲು ಮೂರನೆಯ ನ್ಯಾಯಮಂಡಳಿಯೊಂದು ಬೇಕಾದೀತು.