ಡ್ರೈ ಬ್ಯಾಗ್‌ನೊಳಗಿನ ಮಡಿ

ಸಿಂಗಪುರದಲ್ಲಿ ಸೆಕೆಂಡರಿ ಮೂರನೆಯ ತರಗತಿಗೆ, ಅಂದರೆ ಸುಮಾರು ಹದಿನೈದನೆಯ ವಯಸ್ಸಿಗೆ ಬಂದ ಮಕ್ಕಳಿಗಾಗಿ ಶಿಕ್ಷಣ ಇಲಾಖೆಯು ಐದು ದಿನಗಳ ಸಾಹಸ ಶಿಬಿರವೊಂದನ್ನು ಏರ್ಪಡಿಸುತ್ತದೆ. ಅದರ ಸೂಚನಾಪತ್ರ ಕೈಗೆ ಬಂದ ದಿನದಿಂದ ಅಲ್ಲಿನ ಕನ್ನಡ ಮನೆಗಳಲ್ಲಿ ಮಗುವೊಂದನ್ನು ಬಿಟ್ಟು ಉಳಿದವರೆಲ್ಲರ ನಿದ್ದೆ ಕೆಡುತ್ತದೆ. ಔಟ್‌ವರ್ಡ್ ಬೌಂಡ್ ಎಂಬ ಈ ಶಿಬಿರ ಪದ್ಧತಿಯು 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ, ಹಡಗು ಮುಳುಗಿದಾಗ ಎಳೆಯ ನಾವಿಕರು ಎದೆಗೆಡದೆ ಬದುಕಿ ಬರಲಿ ಎಂಬ ಉದ್ದೇಶದಿಂದ ಆರಂಭವಾದದ್ದು. ಸಿಂಗಪುರದ ಪುಲಾವ್ ಉಬಿನ್ ದ್ವೀಪಕ್ಕೆ ಅದನ್ನು 1967ರಲ್ಲಿ ತಂದವರು ಗೋ ಕೆಂಗ್ ಸ್ವೀ, ಅದೇ ವರ್ಷ ಗಂಡುಮಕ್ಕಳಿಗೆ ಕಡ್ಡಾಯ ಸೇನಾ ಸೇವೆಯನ್ನು ರೂಪಿಸಿದವರೂ ಅವರೇ. ಈ ಚರಿತ್ರೆಯನ್ನು ಶಿವಮೊಗ್ಗದ ಬಂಧುಗಳಿಗೆ ವಿವರಿಸಲು ಹೋದ ತಂದೆತಾಯಿಗಳಿಗೆ, ಹಡಗು ಮುಳುಗುವ ಭಾಗವನ್ನು ಹೇಳದೆ ಬಿಡುವುದೇ ಒಳ್ಳೆಯದೆಂದು ಬೇಗನೆ ಮನವರಿಕೆಯಾಗುತ್ತದೆ.

ಸಿದ್ಧತೆಯ ಮೊದಲ ಹಂತ ಆರೋಗ್ಯ ಮತ್ತು ಆಹಾರದ ಅರ್ಜಿ. 'ಸಸ್ಯಾಹಾರಿ' ಎಂಬ ಚೌಕದಲ್ಲಿ ಗುರುತು ಹಾಕಿದರೆ ಮುಗಿಯಿತೆಂದು ಅರ್ಜಿ ರಚಿಸಿದವರು ಭಾವಿಸಿರುತ್ತಾರೆ; ಆದರೆ ಮೊಟ್ಟೆ ಬೇಡ, ಕೇಕಿನೊಳಗಿನ ಮೊಟ್ಟೆಯಾದರೆ ಅಡ್ಡಿಯಿಲ್ಲ, ಅಣಬೆಯನ್ನು ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಬಡಿಸಬಾರದು, ಮೊಸರಿದ್ದರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂಬ ತಾತ್ತ್ವಿಕ ಸೂಕ್ಷ್ಮಗಳು ಆ ಚೌಕದಲ್ಲಿ ಹಿಡಿಯುವುದಿಲ್ಲವಾದ್ದರಿಂದ ತಾಯಿ ಹಾಳೆಯ ಅಂಚಿನುದ್ದಕ್ಕೂ ಬರೆಯುತ್ತಾಳೆ. ಎರಡನೆಯ ಹಂತ ಖರೀದಿ. ತಂದೆ ಸಾಮಾನುಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಗೆ ಇಳಿಸಿ ಟಾರ್ಚು, ಶಿಳ್ಳೆ, ಡೀಟ್ ಎಂಬ ರಾಸಾಯನಿಕವುಳ್ಳ ಸೊಳ್ಳೆನಿವಾರಕ ಇವುಗಳ ಬೆಲೆಯನ್ನು ಹೋಲಿಸುತ್ತಾನೆ. ತಾಯಿ ಲಿಟಲ್ ಇಂಡಿಯಾದ ಮುಸ್ತಫಾ ಅಂಗಡಿಗೆ ಹೋಗಿ, ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಕಡಲೆಬೇಳೆ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿಗಳೊಂದಿಗೆ ಮರಳುತ್ತಾಳೆ. ಸಂಜೆಯ ಹೊತ್ತಿಗೆ ಡಬ್ಬಿಯಲ್ಲಿ ಚಟ್ನಿಪುಡಿಯೂ ನಿಪ್ಪಟ್ಟೂ ಸಿದ್ಧವಾಗಿ, ಚೀಲದಲ್ಲಿ ಮಲಗುಚೀಲಕ್ಕೆಂದು ಬಿಟ್ಟಿದ್ದ ಜಾಗ ಭರ್ತಿಯಾಗಿರುತ್ತದೆ.

ಶಾಲೆಯ ಪಟ್ಟಿ ಹೆದರುವುದು ನೀರಿಗೆ, ಮನೆಯ ಪಟ್ಟಿ ಹೆದರುವುದು ಹಸಿವಿಗೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಸಮಭಾಜಕ ವೃತ್ತದಿಂದ ಒಂದು ಡಿಗ್ರಿಗಿಂತ ತುಸುವೇ ಉತ್ತರಕ್ಕಿರುವ ಈ ನಾಡಿನಲ್ಲಿ ಮಳೆ ವರ್ಷದ ಯಾವ ತಿಂಗಳಲ್ಲಾದರೂ ಸುರಿಯಬಹುದು, ಗಾಳಿಯಲ್ಲೇ ತೇವ ತುಂಬಿರುವುದರಿಂದ ಒಮ್ಮೆ ನೆನೆದದ್ದು ಸುಲಭವಾಗಿ ಒಣಗುವುದೂ ಇಲ್ಲ. ಆದ್ದರಿಂದ ಬಟ್ಟೆಗಳನ್ನು ಡ್ರೈ ಬ್ಯಾಗ್‌ನಲ್ಲಿ, ಎಂದರೆ ಬಾಯಿಯನ್ನು ಮೂರು ನಾಲ್ಕು ಸುತ್ತು ಮಡಿಚಿ ಕೊಕ್ಕೆ ಹಾಕಿದರೆ ನೀರು ಒಳಹೋಗದಂತಹ ಚೀಲದಲ್ಲಿ, ಗಾಳಿಯನ್ನು ಒತ್ತಿ ಹೊರಹಾಕಿ ಇಡಬೇಕು. ಹಗಲಿಗೆ ಒಂದು ಜೊತೆ, ರಾತ್ರಿಗೆ ಒಂದು ಜೊತೆ ಇದ್ದು, ಬೆಳಗಾದೊಡನೆ ಒಣಗಿದ ಜೊತೆಯನ್ನು ಕಳಚಿಟ್ಟು ಹಿಂದಿನ ದಿನದ ಒದ್ದೆಯನ್ನೇ ಮತ್ತೆ ತೊಡುವುದು ಚಾರಣಿಗರ ರೂಢಿ. ಎಂಜಿನಿಯರಿಂಗ್ ಓದಿದ ತಂದೆತಾಯಿಗಳಿಗೆ ಈ ಕ್ರಮ ಅಮಾನುಷವಾಗಿ ಕಾಣುತ್ತದೆ, ಮಗನಿಗೆ ಶೀತವಾಗುವುದು ಖಚಿತವೆಂದು ಅವರು ಆರು ಜೊತೆ ಬಟ್ಟೆ ತುಂಬುತ್ತಾರೆ.

ತೀರ್ಥಹಳ್ಳಿಯ ಕಡೆಯ ಅಜ್ಜಿ ವಿಡಿಯೊ ಕರೆಯಲ್ಲಿ ಇದನ್ನು ನೋಡುತ್ತಿದ್ದರೆ ಮಾತ್ರ ವಿಷಯ ತಿಳಿಯಾಗುತ್ತದೆ. ರಾತ್ರಿಯ ಜೊತೆಯು ಮಡಿಬಟ್ಟೆಯೆಂಬುದು ಆಕೆಗೆ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ: ಅದು ಬೇರೆಯೇ ಇರಬೇಕು, ಮೈಲಿಗೆಯ ಬಟ್ಟೆಗೆ ತಾಗಬಾರದು, ಮೈ ತೊಳೆದ ಮೇಲಷ್ಟೇ ಉಡಬೇಕು. "ಒದ್ದೆ ಕೈಯಲ್ಲಿ ಅದನ್ನ ಮುಟ್ಟಬೇಡ ಪುಟ್ಟಾ" ಎಂಬ ಆಕೆಯ ಒಂದು ವಾಕ್ಯದಲ್ಲಿ ಸೂಚನಾಪತ್ರದ ಒಂದಿಡೀ ಪುಟ ಅಡಗಿರುತ್ತದೆ. ಉಂಬಳಕ್ಕೆಂದು, ಅಂದರೆ ಮಲೆನಾಡಿನ ಮಳೆಗಾಲದ ಜಿಗಣೆಗೆಂದು, ಉಪ್ಪಿನ ಪೊಟ್ಟಣ ಇಡಲು ಆಕೆ ಹೇಳುವುದು ಉಬಿನ್‌ನಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು, ಅಲ್ಲಿ ಕಾಡುವುದು ಸೊಳ್ಳೆ; ತಲೆಗೆ ಕುಲಾವಿ ಹಾಕಿಕೋ ಎಂಬ ಆಕೆಯ ಇನ್ನೊಂದು ಸಲಹೆಯನ್ನಂತೂ, ರಾತ್ರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ 24 ಡಿಗ್ರಿಗಿಂತ ಕೆಳಗಿಳಿಯದ ಊರಿನಲ್ಲಿ, ಪ್ರೀತಿಯ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ನಿಪ್ಪಟ್ಟಿನ ಡಬ್ಬಿಯ ವಿಚಾರ ಉಳಿಯಿತು. ಶಿಬಿರದಲ್ಲಿ ಬೇರೆ ಬೇರೆ ಶಾಲೆಗಳ ಮಕ್ಕಳನ್ನು ಬೆರೆಸಿ 'ವಾಚ್' ಎಂಬ, ಹಡಗಿನ ಪಾಳಿಯಿಂದ ಹೆಸರು ಪಡೆದ, ಗುಂಪುಗಳನ್ನು ಮಾಡುತ್ತಾರೆ. ಒಬ್ಬನ ಹೊರೆ ಹೆಚ್ಚಾದರೆ ಉಳಿದವರು ಹಂಚಿಕೊಳ್ಳಬೇಕಾದ್ದರಿಂದ, ಒಬ್ಬ ತಾಯಿಯ ಆತಂಕವನ್ನು ಪರಿಚಯವೇ ಇಲ್ಲದ ಚೀನೀ, ಮಲಯ ಹುಡುಗರು ಬೆನ್ನ ಮೇಲೆ ಹೊತ್ತು ನಡೆಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಉಬಿನ್‌ನಲ್ಲಿ ಕಾಡುಹಂದಿಗಳೂ ಉದ್ದಬಾಲದ ಮಂಗಗಳೂ ಇದ್ದು, ತಿಂಡಿಯ ವಾಸನೆಯನ್ನು ಪತ್ತೆಹಚ್ಚುವುದರಲ್ಲಿ ಅವು ನೆಂಟರನ್ನೂ ಮೀರಿಸುತ್ತವೆ. ಕಾಡುಪ್ರಾಣಿಗೆ ಆಹಾರ ಕೊಡುವುದು ಸಿಂಗಪುರದಲ್ಲಿ ದಂಡನಾರ್ಹ ಅಪರಾಧವಾದರೂ, ಅದು ತಾನಾಗಿ ಕಿತ್ತುಕೊಂಡದ್ದಕ್ಕೆ ಯಾರು ಹೊಣೆಯೆಂಬುದು ಬೇರೆ ಚರ್ಚೆ. ಮುಂದಿನ ವರ್ಷ ಮಕ್ಕಳನ್ನು ಕಳುಹಿಸಲಿರುವ ಕನ್ನಡ ತಂದೆತಾಯಿಗಳು ಡಬ್ಬಿಯನ್ನು ಮನೆಯಲ್ಲೇ ಉಳಿಸಿಕೊಂಡು, ಆ ಜಾಗದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇಟ್ಟರೆ ಸಾಕು.