ಸಂಧಿಯೊಡನೆ ಸಂಧಾನ

ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಏಕಶಿಲೆಯ ಆ ಬೃಹತ್ ವೃಷಭನು ಶತಮಾನಗಳಿಂದ ಕಾಲು ಮಡಿಚಿ ಕುಳಿತಿದ್ದರೂ ಒಮ್ಮೆಯಾದರೂ ನರಳಿದ್ದನ್ನು ಕೇಳಿದವರಿಲ್ಲ; ಆತನೆದುರು ಚಕ್ಕಳಮಕ್ಕಳ ಹಾಕಿ ಕುಳಿತ ನಾನು ಮಾತ್ರ, ಏಳಹೋದಾಗ ಬಲದೊಡೆಯ ಸಂದಿನಲ್ಲಿ ಸೂಜಿ ಮುರಿದಂತಾಗಿ, ಕಂಬವನ್ನಪ್ಪಿ "ಶಿವನೇ" ಎಂದೆನು. ಪಕ್ಕದ ಮುದುಕಿಯೊಬ್ಬಳು ಅದನ್ನು ಭಕ್ತಿಯೆಂದೇ ಬಗೆದು ಕೈಮುಗಿದಳು. ಎರಡು ವರ್ಷ ಬೆನ್ನಿಗೆ ಪಟ್ಟಿ ಬಿಗಿದು, ವಾಯುವೆಂದು ಎಣ್ಣೆ ತೀಡಿಸಿಕೊಂಡು ಬೇಸತ್ತಿದ್ದ ನಾನು, ಹೊರಗಿನ ಕಟ್ಟೆಯಲ್ಲಿ ಕಾಲಿಳಿಬಿಟ್ಟು ಕುಳಿತು, ನನ್ನ ಬಲಟೊಂಕದ ಕೀಲನ್ನೇ ನೇರವಾಗಿ ವಿಚಾರಿಸತೊಡಗಿದೆನು. ನಟ ಬಳ್ಳಾರಿ ರಾಘವರು ನಾಟಕವಾಡಿದ ಬಳ್ಳಾರಿಯ ಕೀಲಾದ್ದರಿಂದ ಅದರ ಮಾತು ತುಸು ದೀರ್ಘವೆಂಬುದನ್ನು ವಾಚಕರು ಮನ್ನಿಸಬೇಕು.

— ಮಹಾಶಯರೇ, ತಮ್ಮ ಈ ಅಸಮಾಧಾನಕ್ಕೆ ಕಾರಣವೇನು?

— ಸಂಧಿಪ್ರಕರಣವನ್ನು ಬಾಯಿಪಾಠ ಮಾಡಿದವರು ನೀವು, ಸ್ವಂತ ಸಂಧಿಯ ಜಾತಿಯನ್ನು ಅರಿಯಲಿಲ್ಲ! ನನ್ನದು ಆಗಮಸಂಧಿ. ಅಲ್ಲಿ ಯಕಾರವೋ ವಕಾರವೋ ನಡುವೆ ಬಂದು ನಿಲ್ಲುವಂತೆ, ಇಲ್ಲಿ ಬೇಡದ ಎಲುಬು ಬಂದು ನಿಂತಿದೆ. ನಿಮ್ಮ ಅಡುಗೆಮನೆಯ ಒರಳನ್ನು ನೆನೆಯಿರಿ. ರುಬ್ಬುಗುಂಡು ದುಂಡಗಿದ್ದರೆ ಸುಖವಾಗಿ ತಿರುಗುತ್ತದೆ. ಅದರ ಕುತ್ತಿಗೆಯಲ್ಲೊಂದು ಉಬ್ಬಿದ್ದರೆ, ಓರೆಮಾಡಿದಾಗಲೆಲ್ಲ ಒರಳಿನ ಬಾಯಿಗೆ ತಾಗುತ್ತದೆ. ರುಬ್ಬುಗುಂಡಿನಂತೆ ಟೊಂಕದ ಕುಳಿಯಲ್ಲಿ ತಿರುಗುವ ತೊಡೆಯೆಲುಬಿನ ಈ ಉಬ್ಬನ್ನು ವೈದ್ಯರು ಕ್ಯಾಮ್ ಎನ್ನುತ್ತಾರೆ. ಒರಳಿನ ಅಂಚೇ ಮುಂಚಾಚಿದ್ದರೆ ಅದು ಪಿನ್ಸರ್. ಹಲವರಲ್ಲಿ ಎರಡೂ ಉಂಟು. ತಾಗಿ ತಾಗಿ, ಒರಳಿನ ಬಾಯಿಗೆ ಸುತ್ತಿದ ಸಿಂಬೆಯಂತಿರುವ ಲೇಬ್ರಮ್ ಹರಿಯುತ್ತದೆ, ಒಳಗಿನ ಮೃದ್ವಸ್ಥಿ ಸವೆಯುತ್ತದೆ. ಆಗಮದ ಬೆನ್ನಿಗೇ ಲೋಪ!

— ಈ ಉಬ್ಬನ್ನು ತಂದವರಾರು?

— ಬಹುಶಃ ನೀವೇ. ಎಲುಬು ಇನ್ನೂ ಬೆಳೆಯುತ್ತಿರುವ ಹದಿಹರೆಯದಲ್ಲಿ ಮಿತಿಮೀರಿ ಓಡಿ ಒದ್ದು ಆಡುವವರಲ್ಲಿ ಅದು ಹೆಚ್ಚಾಗಿ ಮೂಡುತ್ತದೆ. ನೀವೋ ಶಾಲೆಯ ಬಯಲಿನಲ್ಲಿ ಫುಟ್‌ಬಾಲ್ ಆಡಿ ಅನ್ನ ಮರೆತವರು. ಆದರೆ ಉಬ್ಬಿದ್ದವರೆಲ್ಲರೂ ನರಳುವುದಿಲ್ಲ, ಬಗ್ಗಿ ಕುಳಿತು ದುಡಿಯುವವರೆಲ್ಲರೂ ನರಳುವುದಿಲ್ಲ. ಸಿರುಗುಪ್ಪದ ಗದ್ದೆಯಲ್ಲಿ ಕಾಲುವೆ ನೀರು ಬಂದೊಡನೆ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ, ಬೆರಳ ತುದಿಯಿಂದ ಸಸಿಯೂರುತ್ತ ಹಿಮ್ಮೆಟ್ಟುವ ಹೆಂಗಸರನ್ನೂ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತ ದಿನವೆಲ್ಲ ಮಿಷನ್ನಿನೆದುರು ಕೂರುವವರನ್ನೂ ಕಂಡಿದ್ದೀರಲ್ಲ. ಅವರಲ್ಲಿ ಎಲ್ಲರಿಗೂ ಈ ಬೇನೆಯಿದೆಯೇನು? ಆಕಾರ, ನೋವು, ವೈದ್ಯರ ಪರೀಕ್ಷೆ, ಈ ಮೂರೂ ಕೂಡಿದರೆ ಮಾತ್ರ ರೋಗವೆನ್ನಬೇಕೆಂದು ತಜ್ಞರು 2016ರಲ್ಲಿ ಇಂಗ್ಲೆಂಡಿನ ವಾರಿಕ್‌ನಲ್ಲಿ ಕೂಡಿ ನಿರ್ಧರಿಸಿದರು.

— ಇಷ್ಟು ದಿನ ತಮ್ಮನ್ನು ಯಾರೂ ಗುರುತಿಸಲಿಲ್ಲವೆಂಬ ಕೊರಗೋ?

— ಕೊರಗದೆ ಏನು? ವೈದ್ಯ ಸ್ಮಿತ್-ಪೀಟರ್ಸನ್ 1936ರಲ್ಲಿಯೇ ಈ ತಾಕಾಟವನ್ನು ಬರೆದಿಟ್ಟರು. ಆ ತಾಕಾಟವೇ ಕೀಲಿನ ಸವೆತಕ್ಕೆ ದಾರಿಯೆಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಗಾಂಟ್ಸ್ ಮತ್ತು ಸಂಗಡಿಗರು ಸಾರಿ ಹೇಳಿದ್ದು 2003ರಲ್ಲಿ. ನೀವಾದರೋ ನೋವೆಲ್ಲಿ ಎಂದು ಕೇಳಿದಾಗ, ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಪಂಢರಾಪುರದ ವಿಠಲನಂತೆ ಟೊಂಕವನ್ನು ಹಿಡಿದು ತೋರಿಸಿದಿರಿ, ಬಾಯಲ್ಲಿ ಮಾತ್ರ "ಬೆನ್ನು" ಎಂದಿರಿ! ಚಪ್ಪಲಿಯ ಪಟ್ಟಿಗೆ ಬಗ್ಗುವಾಗ, ತಗ್ಗಿನ ಆಸನದಿಂದ ಏಳುವಾಗ, ಕಾರಿನಿಂದ ಇಳಿಯುವಾಗ ತೊಡೆಸಂದಿನಲ್ಲಿ ಕಟಕ್ಕೆಂದು ಕೂಗಿ ಸಾಕಾದೆ. ಕಡೆಗೆ ವೈದ್ಯರೊಬ್ಬರು ನಿಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲನ್ನು ಎದೆಯತ್ತ ಮಡಿಚಿ ಒಳಮಗ್ಗುಲಿಗೆ ತಿರುಗಿಸಿದಾಗ ನೀವು ಮೇಜು ಹಾರುವಂತೆ ಕಿರಿಚಿದಿರಿ. ಅದೇ ನನ್ನ ಹಸ್ತಾಕ್ಷರ. ಎಕ್ಸ್-ರೇ ಅದಕ್ಕೆ ಸಾಕ್ಷಿ ಹೇಳಿತು.

— ಸಂಧಾನಕ್ಕೆ ತಮ್ಮ ಷರತ್ತುಗಳು?

— ಕುಕ್ಕರಗಾಲು ಬಿಡಿ, ತಗ್ಗಿನ ಮಣೆ ಬಿಡಿ. ಪೃಷ್ಠದ, ಹೊಟ್ಟೆಯ ಸ್ನಾಯುಗಳನ್ನು ಬಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತು ತಿಂಗಳುಗಟ್ಟಲೆ ಮಾಡಿ. ಮೂರೇ ದಿನ ಮಾಡಿ ಗುಣವಿಲ್ಲವೆನ್ನಬೇಡಿ. ನೋವಿನ ಗುಳಿಗೆ ವೈದ್ಯರು ಹೇಳಿದಷ್ಟು ದಿನ ಮಾತ್ರ; ಊಟದೆಲೆಯ ಉಪ್ಪಿನಕಾಯಿಯಲ್ಲ ಅದು.

— ಶಸ್ತ್ರಚಿಕಿತ್ಸೆ?

— ಸಣ್ಣ ರಂಧ್ರಗಳಿಂದ ಉಬ್ಬನ್ನು ಕೆತ್ತಿ, ಹರಿದ ಸಿಂಬೆಯನ್ನು ಹೊಲಿಯುವ ಆರ್ತ್ರೋಸ್ಕೋಪಿ ಉಂಟು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಹೋಲಿಕೆಯಲ್ಲಿ, ವರ್ಷ ಕಳೆದ ಮೇಲೆ ವ್ಯಾಯಾಮದವರೂ ಚೇತರಿಸಿದ್ದರು, ಶಸ್ತ್ರದವರು ತುಸು ಮುಂದಿದ್ದರು. ಎಲ್ಲವೂ ಸವೆದ ತರುವಾಯ ಕೆತ್ತನೆ ವ್ಯರ್ಥ. ಆಗ ಹಳೆಯ ಕೀಲು ಹೋಗಿ ಹೊಸದು ಬರಬೇಕು. ಒಂದಕ್ಷರದ ಸ್ಥಾನದಲ್ಲಿ ಇನ್ನೊಂದಕ್ಷರ ಬಂದರೆ ಏನೆನ್ನುತ್ತೀರಿ?

— ಆದೇಶಸಂಧಿ.

— ವ್ಯಾಕರಣಕ್ಕೇನೂ ಕೊರತೆಯಿಲ್ಲ!

ಅಷ್ಟರಲ್ಲಿ ಬಳ್ಳಾರಿಯ ಬಸ್ಸು ಬಂದಿತು. ಮೆಟ್ಟಿಲು ಎತ್ತರವಾಗಿದ್ದಿತು, ಬಲಗಾಲನ್ನೇ ಮುಂದಿಡುವುದು ಮಂಗಳವೆಂದು ಬಲ್ಲ ಮನೆತನದವನಾದ ನಾನು, ಎಡಗಾಲನ್ನೇ ಮೊದಲಿಡಬೇಕೆಂದು ಹಟಹಿಡಿದ ಕೀಲಿನೊಡನೆ ಅಲ್ಲಿಯೇ ನಿಂತು ತರ್ಕಿಸುತ್ತಿರಲು, ಕಂಡಕ್ಟರನು ಒಳಗಿಂದ ಕೂಗಿದನು: "ಯಾವ್ದರ ಒಂದು ಕಾಲು ಇಡ್ರೀ ಯಜಮಾನ್ರ, ಹಿಂದ ಮಂದಿ ನಿಂತಾರ!"