ಕಣ್ಣು ಬಿಟ್ಟ ಮಾತ್ರಕ್ಕೆ

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತುವವರಲ್ಲಿ ನಿಂತೇ ನಿದ್ದೆ ಮಾಡುವ ಒಂದು ಪಂಗಡವಿದೆ. ಕಣ್ಣು ಅರ್ಧ ತೆರೆದಿರುತ್ತದೆ, ಎದುರಿಗೆ ಬಾವಮೈದುನನೇ ಬಂದು ನಿಂತರೂ ಗುರುತು ಹತ್ತುವುದಿಲ್ಲ. (ಬಾವಮೈದುನನ ಹತ್ತಿರ ಸಾಲ ಮಾಡಿದವರ ಲೆಕ್ಕ ಬೇರೆ.) ಬೋಗಿಯ ಆ ತುದಿಯಲ್ಲಿ "ಟಿಕೆಟ್, ಟಿಕೆಟ್" ಎಂದು ಕೇಳಿಸಿತೋ, ಅದೇ ಕಣ್ಣಿಗೆ ಪಾಸಿನ ಮೇಲಿನ ಮಾಸಿದ ತಾರೀಖೂ ನಿಚ್ಚಳ.

ಇದು ಮಿದುಳಿನ ಕಾಂಡದಲ್ಲಿರುವ ಲೋಕಸ್ ಸೆರೂಲಿಯಸ್ ಎಂಬ ನೀಲಿ ಚುಕ್ಕೆಯ ಕೆಲಸ. ಸುಮಾರು 8,600 ಕೋಟಿ ನರಕೋಶಗಳ ಊರಿನಲ್ಲಿ ಅದೊಂದು ವಠಾರವೂ ಅಲ್ಲ, ಇರುವುದು ಕೆಲವೇ ಹತ್ತಾರು ಸಾವಿರ. ಆದರೂ ಅಲ್ಲಿಂದ ಹೊರಟ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮಿದುಳಿನ ಹೆಚ್ಚುಕಡಿಮೆ ಎಲ್ಲ ಮೂಲೆಗೂ ತಲುಪುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ತಲೆಯ ಹಿಂಭಾಗದಲ್ಲಿರುವ ನೋಟದ ಪ್ರದೇಶ ಚುರುಕಾಗುತ್ತದೆ. ಎಚ್ಚರಿಸುವ ಕೆಲಸಕ್ಕೆ ಜೊತೆಗೆ ಅಸಿಟೈಲ್‌ಕೋಲಿನ್ ಇದೆ, ಹಿಸ್ಟಮಿನ್ ಇದೆ. ಹಳೇ ಕಾಲದ ನೆಗಡಿ ಮಾತ್ರೆ ನುಂಗಿದವರು ತೂಕಡಿಸುವುದು ಅದು ಹಿಸ್ಟಮಿನ್ನಿಗೆ ಅಡ್ಡ ಬರುವುದರಿಂದಲೇ. ಬೆಳಗಿನ ತಿಂಡಿಯ ಮುಳಬಾಗಿಲು ದೋಸೆಗೆ ಎಬ್ಬಿಸುವ ಗುಣವೇನೂ ಇಲ್ಲ, ತುಪ್ಪ ನೋಡಿದರೆ ಮಲಗಿಸುವುದೇ ಜಾಸ್ತಿ. ಅದರ ಮೇಲೆ ಕುಡಿಯುವ ಕಾಫಿ ಮಾತ್ರ, ತೂಕಡಿಕೆ ತರುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ.

ದೊಡ್ಡವರಿಗೆ ಈ ಎಚ್ಚರ ಒಂದು ಬೆಳಗಿನ ಮಟ್ಟಿನ ವ್ಯವಹಾರ, ಮಕ್ಕಳಿಗೆ ಜೀವಮಾನದ್ದು. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು ನೋಡಿದರು. ಆಮೇಲೆ ತೆರೆದರೆ ಕಣ್ಣು ಸರಿಯಾಗೇ ಇತ್ತು, ಮಿದುಳು ಮಾತ್ರ ಅದರ ಮಾತು ಕೇಳುವುದನ್ನೇ ಬಿಟ್ಟಿತ್ತು. 1981ರಲ್ಲಿ ಅವರಿಗೆ ನೊಬೆಲ್ ಬಂತು. (ಮರಿಗಳನ್ನು ಯಾರೂ ಕೇಳಲಿಲ್ಲ.) 1976ರಲ್ಲಿ ಕಸಮಾತ್ಸು ಮತ್ತು ಪೆಟಿಗ್ರೂ, ನಾರ್‌ಅಡ್ರಿನಲಿನ್ ಬಗೆಯ ರಾಸಾಯನಿಕಗಳನ್ನು ಬರಿದು ಮಾಡಿದರೆ ಒಂದು ಕಣ್ಣು ಮುಚ್ಚಿದರೂ ಮಿದುಳು ಪಕ್ಷ ಬದಲಿಸುವುದಿಲ್ಲ ಎಂದು ಕಂಡರು. 1986ರಲ್ಲಿ ಬೇರ್ ಮತ್ತು ಸಿಂಗರ್, ಅಸಿಟೈಲ್‌ಕೋಲಿನ್‌ಗೂ ಇದರಲ್ಲಿ ಪಾಲಿದೆ ಎಂದು ತೋರಿಸಿದರು. ಅಂದರೆ ನೋಡುವುದನ್ನು ಕಲಿಯಲು ಬೆಳಕಿನ ಜೊತೆಗೆ ಎಚ್ಚರದ ಈ ರಸಗಳೂ ಬೇಕು.

ಹಾಗೆಂದು ನಿದ್ದೆ ದಂಡವೇನಲ್ಲ. 2001ರ ಇನ್ನೊಂದು ಪ್ರಯೋಗದಲ್ಲಿ, ಒಂದೇ ಕಣ್ಣಿನಿಂದ ನೋಡಿದ ಮೇಲೆ ಮಲಗಿದ ಮರಿಗಳ ಮಿದುಳಿನಲ್ಲೇ ಆ ಪಕ್ಷ ಬದಲಾವಣೆ ಇನ್ನಷ್ಟು ಗಟ್ಟಿಯಾಯಿತು. ಶ್ರೀನಿವಾಸಪುರದ ಕಡೆ ರೇಷ್ಮೆ ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಮಲಗಿದರೆ, ಸೊಪ್ಪು ಹಾಕುವುದನ್ನು ನಿಲ್ಲಿಸಿ ಸುಮ್ಮನೆ ಬಿಡುತ್ತಾರೆ. ಅದೇ ಮನೆಯ ಕೂಸಿಗೆ ರಾತ್ರಿ ಹನ್ನೊಂದಕ್ಕೂ ಟೀವಿ ಧಾರಾವಾಹಿ!

ಕೋಲಾರದಲ್ಲಿ ನಮ್ಮ ಬೀದಿಯ ಹುಡುಗನೊಬ್ಬನಿಗೆ ಮೆಳ್ಳೆಗಣ್ಣು. "ಅದೃಷ್ಟ ಬಿಡಮ್ಮ" ಎಂದಿದ್ದರು ಅಜ್ಜಿ. ಡಾಕ್ಟರು, ಚೆನ್ನಾಗಿ ಕಾಣುವ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ ಅಂಟಿಸಿ ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸಿ ಎಂದರು. ಹುಡುಗ ಕಿತ್ತೆಸೆದ. ಅಜ್ಜಿ ಉಪಾಯ ಹುಡುಕಿದರು: ಅವನು ಮಲಗಿದ ಮೇಲೆ ಅಂಟಿಸಿ, ಏಳುವ ಮುಂಚೆ ತೆಗೆಯುವುದು. ರಗಳೆಯೇ ಇಲ್ಲ. ಮುಂದಿನ ಸಲ ಡಾಕ್ಟರು ತಲೆ ಚಚ್ಚಿಕೊಂಡರು. "ಎದ್ದಿರುವಾಗ ಕಟ್ಟಬೇಕಮ್ಮ. ಬಣ್ಣ ಹಚ್ಚಲಿ, ಮಣಿ ಪೋಣಿಸಲಿ, ಅವನಿಗೆ ಇಷ್ಟವಾದದ್ದು ಏನಾದರೂ ಮಾಡುತ್ತಿರಲಿ."

ಅಜ್ಜಿ ಈಗ ಒಪ್ಪಿದ್ದಾರೆ. ಆದರೆ ಪಟ್ಟಿಯ ಮೇಲೆ ಕಾಡಿಗೆಯಲ್ಲಿ ಒಂದು ದೃಷ್ಟಿಬೊಟ್ಟು ಇಡದೆ ಹುಡುಗನನ್ನು ಹೊರಗೆ ಬಿಡುವುದಿಲ್ಲ.